ಅಚೌರ್ಯಾಣುವ್ರತ ಮತ್ತು ಇಂದಿನ ಆನ್‌ಲೈನ್ ವ್ಯಾಪಾರ



ಸೊಲ್ಲಾಪುರದ ನಮ್ಮ ಸಮಾಜದಲ್ಲಿ ವ್ಯಾಪಾರವನ್ನೇ ನಂಬಿದ ಮನೆಗಳು ಅನೇಕ. ತಂದೆಯು ಗಲ್ಲೆಯ ಮುಂದೆ ಕುಳಿತಿದ್ದರೆ ಮಗನು ಒಳಗೆ ಮೊಬೈಲಿನಲ್ಲಿ ಊರೂರಿನ ಆರ್ಡರುಗಳನ್ನು ಸ್ವೀಕರಿಸುತ್ತಿರುತ್ತಾನೆ. ಕಂಪನಿಯ ಡೀಲರ್‌ಶಿಪ್ ಇಲ್ಲದೆ, ಅದರ ಮಾಲನ್ನು ಬೇರೆಡೆ ಕೊಂಡು ಆನ್‌ಲೈನಿನಲ್ಲಿ ಮಾರುವುದು ಚೌರ್ಯವೇ, ಅಲ್ಲವೇ ಎಂಬ ಪ್ರಶ್ನೆಯನ್ನು ಯುವಕರು ಕೇಳುತ್ತಾರೆ. ವ್ರತವನ್ನು ಮನಸ್ಸಿಗೆ ಹಚ್ಚಿಕೊಂಡವರು ಮಾತ್ರ ಕೇಳುವ ಪ್ರಶ್ನೆ ಇದು. ಆದುದರಿಂದ ಇದನ್ನು ಹಗುರವಾಗಿ ತಳ್ಳಿಹಾಕಲಾಗದು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಕೊಡದಿರುವುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ತಿಳಿಸಿದ್ದಾರೆ. ಪೂರ್ಣ ಬೆಲೆ ತೆತ್ತು, ಬಿಲ್ಲು ಪಡೆದು ಕೊಂಡ ವಸ್ತುವು ಕೊಟ್ಟದ್ದೇ ಆಗಿದೆ. ಕೊಂಡವನು ಅದನ್ನು ಮತ್ತೊಬ್ಬನಿಗೆ ಮಾರಿದರೆ ತಯಾರಕನ ಸೊತ್ತನ್ನು ಕದ್ದಂತಾಗದು. ದೇಶದ ಕಾನೂನೂ ಬಹುಮಟ್ಟಿಗೆ ಹೀಗೆಯೇ ಹೇಳುತ್ತದೆ. 1999ರ ಟ್ರೇಡ್‌ಮಾರ್ಕ್ ಕಾಯಿದೆಯ 30ನೆಯ ಕಲಮು, ನ್ಯಾಯವಾಗಿ ಕೊಂಡ ಮಾಲಿನ ಮರುಮಾರಾಟಕ್ಕೆ ಅವಕಾಶವಿತ್ತಿದೆ. ನ್ಯಾಯವಾದ ಕಾರಣವಿದ್ದರೆ, ವಿಶೇಷವಾಗಿ ಮಾಲಿನ ಸ್ಥಿತಿಯನ್ನು ಬದಲಿಸಿದರೆ, ಕೆಡಿಸಿದರೆ, ತಯಾರಕನು ತಡೆಯಬಹುದು. ಆಮ್‌ವೇ ಕಂಪನಿಯ ವ್ಯಾಜ್ಯದಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು 2019ರ ಜುಲೈಯಲ್ಲಿ ಆನ್‌ಲೈನ್ ಮಾರಾಟಕ್ಕೆ ತಡೆ ನೀಡಿತ್ತು. 2020ರ ಜನವರಿ 31ರಂದು ವಿಭಾಗೀಯ ಪೀಠವು ಆ ಆಜ್ಞೆಯನ್ನು ರದ್ದುಪಡಿಸಿತು.

ಇಷ್ಟನ್ನು ಕೇಳಿ ನಿಶ್ಚಿಂತರಾಗುವಂತಿಲ್ಲ. ಆಚಾರ್ಯರು ಚೌರ್ಯವನ್ನು ಹೇಳಿ ಸುಮ್ಮನಾಗಲಿಲ್ಲ, ಅಚೌರ್ಯಾಣುವ್ರತದ ಐದು ಅತಿಚಾರಗಳನ್ನೂ ಎಣಿಸಿದರು: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ. ಇವುಗಳನ್ನು ಓದುವಾಗ ಆ ಮಹಾಮುನಿಗಳು ಪೇಟೆಯ ಬೀದಿಯನ್ನು ಎಷ್ಟು ಸೂಕ್ಷ್ಮವಾಗಿ ಬಲ್ಲವರಾಗಿದ್ದರೆಂದು ವ್ಯಾಪಾರಿಯಾದ ನನಗೆ ಆಶ್ಚರ್ಯವಾಗುತ್ತದೆ.

ಕಳ್ಳನಿಗೆ ಪ್ರೇರಣೆ ನೀಡುವುದು ಸ್ತೇನಪ್ರಯೋಗ. ತನ್ನ ಜಿಲ್ಲೆಯಲ್ಲಿಯೇ ಮಾರುವೆನೆಂದು ಕಂಪನಿಗೆ ಬರೆದುಕೊಟ್ಟ ಡೀಲರನಿಗೆ ಆಸೆ ತೋರಿಸಿ, ಹಿಂಬಾಗಿಲಿನಿಂದ ಮಾಲು ತರಿಸಿಕೊಳ್ಳುವವನು ಇದಕ್ಕೆ ಬಹಳ ದೂರದಲ್ಲಿಲ್ಲ. ಕದ್ದು ತಂದುದನ್ನು ಕೊಳ್ಳುವುದು ತದಾಹೃತಾದಾನ. ತಯಾರಕನ ದರಕ್ಕಿಂತಲೂ ಕಡಿಮೆಗೆ, ಬಿಲ್ಲಿಲ್ಲದೆ, ಸೀರಿಯಲ್ ನಂಬರು ಕೆರೆದ ಪೆಟ್ಟಿಗೆ ಬಂದರೆ ಅದು ಎಲ್ಲಿಂದ ಬಂತೆಂದು ಕೇಳದಿರುವುದು ಅಜ್ಞಾನವಲ್ಲ, ಜಾಣತನ. ಪೂಜ್ಯಪಾದ ಸ್ವಾಮಿಗಳು ಸರ್ವಾರ್ಥಸಿದ್ಧಿಯಲ್ಲಿ ಮೂರನೆಯ ಅತಿಚಾರವನ್ನು ವಿವರಿಸುವಾಗ, ನ್ಯಾಯವನ್ನು ಮೀರಿ ಹೆಚ್ಚು ಬೆಲೆಯ ದ್ರವ್ಯವನ್ನು ಅಲ್ಪ ಬೆಲೆಗೆ ಪಡೆಯುವ ಪ್ರಯತ್ನವನ್ನೇ ಎತ್ತಿ ತೋರಿಸಿರುವುದು ಇಲ್ಲಿ ಸ್ಮರಣೀಯ. ಅಳತೆ-ತೂಕದ ಮೋಸವನ್ನು ನಮ್ಮವರಿಗೆ ಹೇಳಬೇಕಾದುದಿಲ್ಲ.

ಇಂದು ಹೆಚ್ಚು ಹಬ್ಬಿರುವುದು ಪ್ರತಿರೂಪಕವ್ಯವಹಾರ, ಅಂದರೆ ಒಂದರಂತೆ ಕಾಣುವ ಇನ್ನೊಂದನ್ನು ತೋರಿಸಿ ಮಾರುವುದು. ನಮ್ಮ ಊರಿನ ಚಾದರವನ್ನೇ ನೋಡಿರಿ. ಸೊಲ್ಲಾಪುರದ ಚಾದರಕ್ಕೆ ಭೌಗೋಳಿಕ ಸೂಚಿಯ ಮನ್ನಣೆ ಇದೆ; ಆ ಹೆಸರು ಇಲ್ಲಿಯ ಮಗ್ಗದವರ ಸೊತ್ತು. ಬೇರೆಲ್ಲಿಯೋ ನೇಯ್ದ ಹೊದಿಕೆಗೆ ಅದೇ ಹೆಸರಿಟ್ಟು, ಅಸಲಿ ಚಾದರದ ಫೋಟೋ ಹಾಕಿ ಮಾರುವವನು ನೂಲನ್ನು ಕದಿಯಲಿಲ್ಲ. ನೇಕಾರನ ಹೆಸರನ್ನು ಕದ್ದನು. ಅಂಗಡಿಯಲ್ಲಾದರೆ ಗಿರಾಕಿಯು ಚಾದರವನ್ನು ಕೈಯಲ್ಲಿ ಹಿಡಿದು, ಅಂಚು ತಿರುಗಿಸಿ, ದಪ್ಪ ನೋಡಿ ತಿಳಿಯಬಲ್ಲನು. ಪರದೆಯ ಮೇಲೆ ಅವನಿಗೆ ದಕ್ಕುವುದು ನಮ್ಮ ಮಾತೊಂದೇ. ಗಿರಾಕಿಯ ಕೈ ಮಾಲಿಗೆ ತಲುಪದಿರುವಾಗ ಮಾರುವವನ ಹೊಣೆ ಇಮ್ಮಡಿಯಾಗುತ್ತದೆಂದು ನನ್ನ ಅಭಿಪ್ರಾಯ. ಬಳಸಿ ಹಿಂದಿರುಗಿಸಿದುದನ್ನು ಹೊಸ ಪೆಟ್ಟಿಗೆಯಲ್ಲಿ ತುಂಬಿ ಹೊಸದೆಂದು ಕಳುಹಿಸುವುದೂ ಇದೇ ಅತಿಚಾರ.

ಅಧಿಕೃತ ಮಾರಾಟಗಾರನೆಂದು ಸುಳ್ಳು ಪತ್ರ ಸೃಷ್ಟಿಸುವುದಂತೂ ಸತ್ಯಾಣುವ್ರತಕ್ಕೆ ಹೇಳಿದ ಕೂಟಲೇಖಕ್ರಿಯೆ. ತಾನೇ ಗ್ರಾಹಕನಂತೆ ನಟಿಸಿ ತನ್ನ ಮಾಲನ್ನು ಹೊಗಳಿ ಬರೆಯುವುದನ್ನು 2020ರ ಇ-ಕಾಮರ್ಸ್ ನಿಯಮಗಳೂ ನಿಷೇಧಿಸಿವೆ.

ಇನ್ನುಳಿದುದು ವಾರಂಟಿಯ ವಿಷಯ. ವಿದೇಶದಿಂದ ತರಿಸಿದ ಸ್ಯಾಮ್‌ಸಂಗ್ ಪ್ರಿಂಟರುಗಳ ಮೊಕದ್ದಮೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು 2012ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ಅನುಮತಿಯಿತ್ತಿತು. ಆದರೆ ಇದು ಆಮದು ಮಾಲು, ಕಂಪನಿಯ ವಾರಂಟಿಯಾಗಲಿ ಸೇವೆಯಾಗಲಿ ಇದಕ್ಕಿಲ್ಲ, ಹೊಣೆ ಮಾರುವವನದೇ ಎಂದು ಎಲ್ಲರಿಗೂ ಕಾಣುವಂತೆ ಅಂಗಡಿಯಲ್ಲಿ ಬರೆದು ಹಾಕಬೇಕೆಂದು ವಿಧಿಸಿತು. ಅಧಿಕೃತರಲ್ಲದ ನಮ್ಮ ಯುವಕರೂ ತಮ್ಮ ಮಾಲಿನ ವಿವರದಲ್ಲಿ ಹೀಗೆಯೇ, ಮೊದಲ ಸಾಲಿನಲ್ಲಿಯೇ, ಗಿರಾಕಿಗೆ ತಿಳಿಯುವ ಭಾಷೆಯಲ್ಲಿ ಬರೆಯಲಿ. ಹಾಗೆ ಬರೆದರೆ ಯಾರು ಕೊಳ್ಳುತ್ತಾರೆಂದು ಅವರು ಕೇಳುವರು. ವಾರಂಟಿ ಬೇಕೆನ್ನುವವನು ಡೀಲರನ ಬಳಿ ಹೋಗುವನು. ಬೇಡವೆನ್ನುವವನು ಎಲ್ಲವನ್ನೂ ತಿಳಿದು, ಕಡಿಮೆ ಬೆಲೆಗೆ ಇವರಲ್ಲಿ ಕೊಳ್ಳುವನು. ಆ ಕಡಿಮೆ ಬೆಲೆಯೇ ವಾರಂಟಿಯಿಲ್ಲದ ಮಾಲಿನ ನ್ಯಾಯವಾದ ಬೆಲೆ.