ಕರೆಂಟ್ ಕೊಟ್ಟಿದ್ದಕ್ಕೇನಾ?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಮ್ಮ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಕೇಳಿದರು: “ಆಗ ತಲೆಗೆ ಕರೆಂಟ್ ಕೊಟ್ರಲ್ಲ, ಅದಕ್ಕೇನಾ ಇವ್ನು ಹಿಂಗೆ? ನೀನು ಅದನ್ನೇ ಓದ್ತಿದೀಯಲ್ಲ.”

ಇವನು ಎಂದರೆ ಅವರ ಮಗ. 5ನೇ ವಯಸ್ಸಿಗೆ ರಕ್ತದ ಕ್ಯಾನ್ಸರ್. ಮಿದುಳಿಗೆ ಹರಡದಿರಲೆಂದು ತಲೆಗೆ ವಿಕಿರಣ ಕೊಟ್ಟಿದ್ದರು. ಬದುಕಿದ. ಈಗ 19. ಪಿಯುಸಿಗೆ ಎರಡು ಸಲ ಕೂತ. ಕೇಳಿದ್ದಕ್ಕೆ ಉತ್ತರಿಸಲು ಹೊತ್ತು ಹಿಡಿಯುತ್ತದೆ. ಮನೆಯಲ್ಲಿ ಅವನಿಗೆ ಸೋಮಾರಿ ಎಂದೇ ಹೆಸರು.

“ಹೇಳಕ್ಕಾಗಲ್ಲ ಚಿಕ್ಕಮ್ಮ” ಎಂದೆ.

ನನ್ನ ಪಿಎಚ್‌ಡಿ ಕೆಲಸ, ವಿಕಿರಣ ತಾಗಿದ ಇಲಿಗಳ ಮಿದುಳಿನ ತೆಳು ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ನರಕೋಶಗಳಿಗೆ ಆಸರೆಯಾದ ಕೋಶಗಳನ್ನು ಗ್ಲಿಯಾ ಎನ್ನುತ್ತಾರೆ. ಗ್ರೀಕಿನಲ್ಲಿ ಅಂಟು ಎಂದರ್ಥ. ಬರೀ ಅಂಟು ಎಂದುಕೊಂಡಿದ್ದ ಕಾಲದ ಹೆಸರು ಅದು. ಅವುಗಳಲ್ಲಿ ಆಲಿಗೊಡೆಂಡ್ರೋಸೈಟ್ ಎಂಬುದೊಂದಿದೆ. ಪುಟ್ಟ ದುಂಡು ಒಡಲು, ತೆಳ್ಳನೆಯ ಕೈಗಳು. ಪ್ರತಿ ಕೈಯ ತುದಿಯೂ ಹಾಳೆಯಂತೆ ಚಪ್ಪಟೆಯಾಗಿ ನರತಂತುವನ್ನು ಸುತ್ತಿ ಸುತ್ತಿ ಮಯಲಿನ್ ಎಂಬ ಕೊಬ್ಬಿನ ಪೊರೆ ಕಟ್ಟುತ್ತದೆ. ಒಂದೇ ಕೋಶ 40–50 ತಂತುಗಳನ್ನು ಹೊದಿಸಬಲ್ಲದು. ಪೊರೆ ಸವೆದರೆ ಸಂದೇಶ ತಡವರಿಸುತ್ತದೆ.

ವಿಕಿರಣ ಕೊಟ್ಟ ಹೊಸದರಲ್ಲಿ ಪೊರೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಹೊಸ ಆಲಿಗೊಡೆಂಡ್ರೋಸೈಟುಗಳನ್ನು ಹುಟ್ಟಿಸಬೇಕಾದ ಕೋಶಗಳು ಆಗಲೇ ಸತ್ತಿರುತ್ತವೆ. ಸಣ್ಣ ರಕ್ತನಾಳಗಳೂ ಕೆಡತೊಡಗಿರುತ್ತವೆ. ಸವೆತ ಕಾಣುವುದು ತಿಂಗಳುಗಳ ಮೇಲೆ; ಮನುಷ್ಯರಲ್ಲಿ ವರ್ಷಗಳೂ ಆಗಬಹುದು.

ಒಬ್ಬನೇ ಹುಡುಗನನ್ನು ತೋರಿಸಿ ಇದರಿಂದಲೇ ಹೀಗಾಯಿತು ಎನ್ನಲಾಗದು, ನಿಜ. ಆದರೆ ನಾನು ಹಾಗೆ ಹೇಳಿದ್ದು ಅದಕ್ಕಲ್ಲ. ಅಂದು ಆಸ್ಪತ್ರೆಯಲ್ಲಿ ಸಹಿ ಹಾಕಿದ್ದು ಚಿಕ್ಕಮ್ಮ. ಹೌದೆಂದರೆ ಆ ಸಹಿಯನ್ನು ಜೀವನಪೂರ್ತಿ ನೆನೆದು ಕೊರಗುತ್ತಾರೆ ಎಂದು ಹೆದರಿದೆ.

1960ರ ದಶಕದಲ್ಲಿ ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಅವರ ತಂಡ, ಔಷಧಗಳ ಜೊತೆ ತಲೆಗೂ ವಿಕಿರಣ ಕೊಟ್ಟು ಇಂಥ ಸುಮಾರು ಅರ್ಧದಷ್ಟು ಮಕ್ಕಳನ್ನು ಉಳಿಸಿತು. ಅಲ್ಲಿಯವರೆಗೆ ಬಹುತೇಕ ಎಲ್ಲರೂ ಸಾಯುತ್ತಿದ್ದರು. ಉಳಿದ ಮಕ್ಕಳು ಬೆಳೆದಂತೆ ಕಲಿಕೆಯಲ್ಲಿ ಹಿಂದೆ ಬಿದ್ದದ್ದು ಕಂಡಿತು. ವೈದ್ಯರು ಡೋಸನ್ನು 24 ಗ್ರೇಯಿಂದ 18ಕ್ಕೆ ಇಳಿಸಿದರು. ಮುಂದೆ ಹೆಚ್ಚಿನ ಮಕ್ಕಳಿಗೆ ಅದನ್ನು ಕೈಬಿಟ್ಟೇ ಬಿಟ್ಟರು. ತಾವು ಬದುಕಿಸಿದವರಲ್ಲೇ ತಮ್ಮಿಂದಾದ ಪೆಟ್ಟನ್ನು ಹುಡುಕಿ, ಅಳೆದು, ಹೇಳಿದ್ದರು. ಇಲ್ಲಿ ತಪ್ಪಿತಸ್ಥರು ಯಾರೂ ಇಲ್ಲ. ಹಾಗೆಂದು ಪೆಟ್ಟೇ ಇಲ್ಲವೆ?

ನಾನು ಚಿಕ್ಕಮ್ಮನಿಗೆ ತೋರಿದ ಕರುಣೆಯ ಬೆಲೆ ತೆರುತ್ತಿರುವವನು ಅವನು, ಸೋಮಾರಿ ಅನ್ನಿಸಿಕೊಂಡು.

ಮೊನ್ನೆ ಫೋನ್ ಮಾಡಿದೆ. ಅವನೇ ಎತ್ತಿದ. “ಅಮ್ಮ ಅಂಗಡಿಗೆ ಹೋಗಿದಾರೆ” ಎಂದ.

“ನಿನ್ ಹತ್ರಾನೇ ಮಾತಾಡ್ಬೇಕಿತ್ತು ಕಣೋ” ಎಂದೆ.