ಒಬ್ಬರಿಗೆ ಮಾತ್ರ ಕೇಳುವ ಪ್ರಶ್ನೆ

ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದರು. ಆ ಸೇವೆಗೆ ಸೇರಿದ ಮೊದಲ ಮಹಿಳೆ ಅವರೇ. ಸೇರುವಾಗ ಅವರಿಂದ ಒಂದು ಮುಚ್ಚಳಿಕೆ ಬರೆಸಿಕೊಳ್ಳಲಾಯಿತು: ಮದುವೆಯಾದರೆ ರಾಜೀನಾಮೆ ಕೊಡಬೇಕು. ಗಂಡಸರು ಇಂಥದ್ದೇನನ್ನೂ ಬರೆದುಕೊಡಬೇಕಿರಲಿಲ್ಲ.

ಮುಂದೆ ಹಂಗೇರಿಗೆ ರಾಯಭಾರಿಯೂ ಆಗಿದ್ದ ಅವರಿಗೆ ಮೇಲಿನ ದರ್ಜೆಯ ಬಡ್ತಿ ತಪ್ಪಿದಾಗ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿ ಎಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು ಎಂಬ ನಿಯಮ ಅಲ್ಲಿ ಚರ್ಚೆಗೆ ಬಂತು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಎತ್ತಿದ ಮಾತು ಸರಳವಾದದ್ದು: ಸಂಸಾರ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಕೆಲಸಕ್ಕೂ ಆಗಬಹುದಲ್ಲವೇ? ಅಷ್ಟರಲ್ಲಿ ಬಡ್ತಿ ಸಿಕ್ಕಿದ್ದರಿಂದ ಅರ್ಜಿ ವಜಾ ಆಯಿತು. ಆದರೆ ಸೇವಾ ನಿಯಮಗಳಲ್ಲಿರುವ ತಾರತಮ್ಯವನ್ನೆಲ್ಲ ತೆಗೆಯಬೇಕೆಂದು ನ್ಯಾಯಾಲಯ ಹೇಳಿತು.

ನಿಯಮ ಹೋಯಿತು. ಪ್ರಶ್ನೆ ಹೋಯಿತೇ?

ನಂಜನಗೂಡು ತಾಲ್ಲೂಕಿನ ನಮ್ಮ ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿ ದೇವಸ್ಥಾನಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತು ಬರುವವರು ದಂಪತಿಗಳು. ಬೇಡಿಕೆ ಇಬ್ಬರದ್ದು. ಮಗು ಹುಟ್ಟಿದ ಮೇಲೆ ಮಾತ್ರ, ಕೆಲಸ ಬಿಡುವವರು ಯಾರು, ರಜೆ ಹಾಕುವವರು ಯಾರು ಎಂಬುದನ್ನು ಯಾರೂ ಕೇಳುವುದಿಲ್ಲ. ಉತ್ತರ ಮೊದಲೇ ಗೊತ್ತಿರುತ್ತದೆ. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು. ಬೇಕಾಗಿದ್ದ ಸೌಲಭ್ಯವೇ. ಆದರೆ ಪಾಲನೆ ಅಮ್ಮನ ಕೆಲಸ ಎಂಬ ಹಳೆಯ ನಂಬಿಕೆಯೂ ಅದರೊಳಗೇ ಇದೆ.

ಒಟ್ಟಿಗೆ ಓದಿ ಕೆಎಎಸ್ ಪಾಸಾದ ಗಂಡ ಹೆಂಡತಿಯನ್ನು ಊಹಿಸಿಕೊಳ್ಳಿ. ದೂರದ ಜಿಲ್ಲೆಗೆ ವರ್ಗವಾದರೆ ಆತ ಹೋಗುತ್ತಾನೆ. ಆಕೆ ಹತ್ತಿರದ, ಹೆಚ್ಚು ಹೊಣೆಯಿಲ್ಲದ ಹುದ್ದೆ ಕೇಳಿಕೊಳ್ಳುತ್ತಾಳೆ. ಹದಿನೈದು ವರ್ಷಗಳ ನಂತರ ದೊಡ್ಡ ಹುದ್ದೆಗೆ ಹೆಸರು ನೋಡುವಾಗ ಆತನ ಅನುಭವವೇ ಹೆಚ್ಚು. ಅಲ್ಲಿ ಯಾರೂ ಅನ್ಯಾಯ ಮಾಡಿದಂತೆ ಕಾಣುವುದಿಲ್ಲ. "ಅವಳೇ ಆರಿಸಿಕೊಂಡದ್ದಲ್ಲವೇ?" ಎನ್ನುತ್ತಾರೆ.

ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮಗುವಿನ ಜೊತೆ ಇರಬೇಕೆಂಬ ಆಸೆ ನಿಜವಾದದ್ದೇ. ಅದನ್ನು ಸೋಲೆಂದು ಕರೆಯುವ ಹಕ್ಕು ನನಗಿಲ್ಲ. ನನ್ನ ತಕರಾರು ಆರಿಸಿಕೊಂಡದ್ದರ ಬಗ್ಗೆ ಅಲ್ಲ, ಆರಿಸಿಕೋ ಎಂದು ಒಬ್ಬರಿಗೆ ಮಾತ್ರ ಹೇಳುವುದರ ಬಗ್ಗೆ. ಮುತ್ತಮ್ಮನವರೂ ಮುಚ್ಚಳಿಕೆಗೆ ತಾವೇ ಸಹಿ ಹಾಕಿದ್ದರು. ಸಹಿ ಇದೆ ಎಂದ ಮಾತ್ರಕ್ಕೆ ಅದು ಸ್ವತಂತ್ರ ಆಯ್ಕೆಯಾಗುವುದಿಲ್ಲ. ಪಿಎಚ್‌ಡಿ ಮುಗಿಸುವ ಹೊತ್ತಿಗೆ ನನಗೆ ಪ್ರಬಂಧಕ್ಕಿಂತ ಮದುವೆಯ ಬಗ್ಗೆಯೇ ಹೆಚ್ಚು ಪ್ರಶ್ನೆಗಳು ಬಂದಿವೆ. ಜೊತೆಯಲ್ಲಿ ಸಂಶೋಧನೆ ಮಾಡುವ ಹುಡುಗರನ್ನು ಕೇಳುವುದು ಪ್ರಬಂಧ ಯಾವಾಗ ಮುಗಿಯುತ್ತದೆ ಎಂದು.

2024ರಲ್ಲಿ ಶಾಲಿನಿ ರಜನೀಶ್ ನಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಯಾದರು. ಅವರಿಗಿಂತ ಮೊದಲೂ ಕೆಲವು ಮಹಿಳೆಯರು ಆ ಕುರ್ಚಿಯಲ್ಲಿ ಕೂತಿದ್ದಾರೆ. ಸಂತೋಷದ ಸಂಗತಿ. ಆದರೆ ಮೇಲೆ ತಲುಪಿದವರನ್ನು ಎಣಿಸಿದರೆ ದಾರಿಯಲ್ಲಿ ಉಳಿದವರ ಲೆಕ್ಕ ಸಿಗುವುದಿಲ್ಲ. ಸಮಾನತೆಯನ್ನು ಅಳೆಯಲು ನನಗೆ ತೋಚುವ ದಾರಿ ಇನ್ನೊಂದು: ವರ್ಗಾವಣೆಯ ಆದೇಶ ಮನೆಗೆ ಬಂದ ದಿನ "ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದು ಗಂಡನನ್ನೂ ಕೇಳುತ್ತೇವೆಯೇ? ಕೇಳಿದರೆ, ಅವನ ಉತ್ತರಕ್ಕಾಗಿ ಕಾಯುತ್ತೇವೆಯೇ?