ವಾಸಿಯಾಗದ ನೋವಿಗೂ ಅರ್ಥವುಂಟು



ಬೆಟ್ಟ ಹತ್ತಿ ಬರುವ ಭಕ್ತಾದಿಗಳ ಕೈಯಲ್ಲಿ ಮೇಣದಬತ್ತಿ ಇರುತ್ತದೆ, ಎದೆಯಲ್ಲಿ ಒಂದೊಂದು ಭಾರ ಇರುತ್ತದೆ. ಒಬ್ಬರಿಗೆ ಬಿಡದ ಕಾಯಿಲೆ, ಒಬ್ಬರಿಗೆ ಕಣ್ಮುಂದೆಯೇ ಹೋದ ಮಗನ ದುಃಖ, ಇನ್ನೊಬ್ಬರಿಗೆ ತೀರದ ಸಾಲ. ಕೆಲವರ ಹರಕೆ ಫಲಿಸುತ್ತದೆ, ಸಂತೋಷದಿಂದ ಇಳಿದು ಹೋಗುತ್ತಾರೆ. ಕೆಲವರು ವರುಷ ವರುಷ ಬಂದರೂ ನೋವು ಹಾಗೇ ಉಳಿಯುತ್ತದೆ. ಅಂಥವರಿಗೆ ಊರಿನವರು ಏನನ್ನುತ್ತಾರೆ? "ಏನೋ ಪಾಪ ಮಾಡಿರಬೇಕು" ಅನ್ನುತ್ತಾರೆ, ಇಲ್ಲವೇ "ನಿನ್ನ ವಿಶ್ವಾಸ ಸಾಲದು" ಅನ್ನುತ್ತಾರೆ. ಮೊದಲೇ ನೊಂದವರಿಗೆ ಇದು ಎರಡನೆಯ ಗಾಯ.

ಪ್ರಭು ಯೇಸು ಹಾಗೆ ಹೇಳಲಿಲ್ಲ. ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯ ತೆಗೆದು ನೋಡಿರಿ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಇವನ ಪಾಪದ ಫಲವೋ, ಹೆತ್ತವರ ಪಾಪದ ಫಲವೋ ಎಂದು ಕೇಳಿದರು. ಎರಡೂ ಅಲ್ಲ ಎಂದರು ಪ್ರಭು. ಕಷ್ಟ ಯಾಕೆ ಬಂತು ಎಂಬುದಕ್ಕೆ ಶುಭಸಂದೇಶ ಲೆಕ್ಕ ಒಪ್ಪಿಸುವುದಿಲ್ಲ. ಕಷ್ಟದಲ್ಲಿ ದೇವರು ಎಲ್ಲಿದ್ದಾರೆ ಎಂಬುದನ್ನು ತೋರಿಸುತ್ತದೆ. ಅವರು ಶಿಲುಬೆಯ ಮೇಲೆ, ನೋವಿನ ಒಳಗೇ ಇದ್ದಾರೆ.

ಇದನ್ನು ಬಾಳಿ ತೋರಿಸಿದವರು ಸಂತ ಡೇಮಿಯನ್‌ರು. 1840ರಲ್ಲಿ ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಊರಲ್ಲಿ ಹುಟ್ಟಿದರು. ದೂರದ ಹವಾಯಿ ದ್ವೀಪಗಳಿಗೆ ಸೇವೆಗೆ ಹೋಗಬೇಕಾಗಿದ್ದವರು ಅವರ ಅಣ್ಣ. ಅಣ್ಣ ಕಾಯಿಲೆ ಬಿದ್ದರು, ಅವರ ಬದಲು ತಮ್ಮ ಹಡಗು ಹತ್ತಿದರು. 1864ರಲ್ಲಿ ಅಲ್ಲೇ ಗುರುದೀಕ್ಷೆ ಪಡೆದರು.

ಆ ಕಾಲದಲ್ಲಿ ಕುಷ್ಠರೋಗಕ್ಕೆ ಮದ್ದಿರಲಿಲ್ಲ. ಹವಾಯಿಯ ಸರ್ಕಾರ 1865ರಲ್ಲಿ ಕಾನೂನು ಮಾಡಿ, ರೋಗ ಬಂದವರನ್ನು ಮನೆಮಂದಿಯಿಂದ ಬಿಡಿಸಿ ಮೊಲೊಕೈ ದ್ವೀಪದ ಒಂದು ಮೂಲೆಗೆ ಸಾಗಿಸತೊಡಗಿತು. ಆ ಜಾಗಕ್ಕೆ ಮೂರು ಕಡೆ ಸಮುದ್ರ, ಹಿಂದೆ ಗೋಡೆಯಂಥ ಬೆಟ್ಟ. 1873ರ ಮೇ ತಿಂಗಳಲ್ಲಿ 33 ವರ್ಷದ ಡೇಮಿಯನ್‌ರು ತಾವಾಗಿಯೇ ಅಲ್ಲಿಗೆ ಹೋದರು. ಮೊದಲ ದಿನಗಳಲ್ಲಿ ಮರದ ಕೆಳಗೆ ಮಲಗಿದರು. ರೋಗಿಗಳ ಹುಣ್ಣು ತೊಳೆದು ಕಟ್ಟಿದರು, ಮನೆ ಕಟ್ಟಿಕೊಟ್ಟರು, ನೀರು ತರಿಸಿದರು. ಸತ್ತವರಿಗೆ ಶವಪೆಟ್ಟಿಗೆ ಮಾಡಿದ್ದೂ ಗುಂಡಿ ತೋಡಿದ್ದೂ ಅವರೇ. ತಮ್ಮ ಮೈಗೆ ರೋಗ ತಗಲುವ ಎಷ್ಟೋ ಮೊದಲೇ ಪ್ರಬೋಧನೆಯಲ್ಲಿ ಅವರು "ಸಹೋದರರೇ" ಅನ್ನುತ್ತಿರಲಿಲ್ಲ, "ಕುಷ್ಠರೋಗಿಗಳಾದ ನಾವು" ಅನ್ನುತ್ತಿದ್ದರು.

ಒಂಟಿತನ ಅವರನ್ನೂ ಬಿಡಲಿಲ್ಲ. ಒಮ್ಮೆ ಮೇಲಧಿಕಾರಿ ಗುರುಗಳು ಹಡಗಿನಲ್ಲಿ ಬಂದಾಗ ಇಳಿಯಲು ಅಪ್ಪಣೆ ಸಿಗಲಿಲ್ಲ. ಡೇಮಿಯನ್‌ರು ಪುಟ್ಟ ದೋಣಿಯಲ್ಲಿ ನಿಂತು, ಹಡಗಿನ ಮೇಲಿದ್ದವರಿಗೆ ಕೇಳುವ ಹಾಗೆ ಕೂಗಿ ಪಾಪನಿವೇದನೆ ಮಾಡಿದರು!

1884ರ ಕೊನೆಯಲ್ಲಿ ಒಂದು ದಿನ ಕಾಲನ್ನು ಕುದಿನೀರಿಗೆ ಇಟ್ಟರು. ಬೊಬ್ಬೆ ಎದ್ದಿತು, ಆದರೆ ನೋವು ತಿಳಿಯಲಿಲ್ಲ. ರೋಗ ಬಂದಿದೆ ಎಂದು ಗೊತ್ತಾಯಿತು. ಇಂಥ ಪುಣ್ಯಾತ್ಮರಿಗೆ ವಿಶ್ವಾಸ ಸಾಲದೇ ಹೋಯಿತೆ? ಅಲ್ಲ. ಅವರೂ ಗುಣವಾಗಲಿಲ್ಲ. ಆದರೂ ಕೈಲಾಗುವ ತನಕ ಕೆಲಸ ಬಿಡಲಿಲ್ಲ. 1889ರ ಏಪ್ರಿಲ್ 15, ಪವಿತ್ರ ವಾರದ ಸೋಮವಾರ, 49ನೇ ವಯಸ್ಸಿನಲ್ಲಿ ಪ್ರಾಣ ಬಿಟ್ಟರು. ಮೊದಲು ಮಲಗಿದ್ದ ಆ ಮರದ ಕೆಳಗೇ ಅವರನ್ನು ಮಣ್ಣು ಮಾಡಿದರು. 2009ರಲ್ಲಿ ಜಗದ್ಗುರು 16ನೇ ಬೆನೆಡಿಕ್ಟರು ಅವರನ್ನು ಸಂತರೆಂದು ಸಾರಿದರು.

ಸ್ವರ್ಗದ ಆಸೆ ಇಟ್ಟವರು ಭೂಮಿಯ ಕೆಲಸ ಮರೆಯುತ್ತಾರೆ ಅಂತ ಕೆಲವರು ಹೇಳುವುದುಂಟು. ಡೇಮಿಯನ್‌ರನ್ನು ನೋಡಿದರೆ ಅದು ತಿರುಗಿ ಕಾಣುತ್ತದೆ. ಗುಂಡಿ ಕೊನೆಯಲ್ಲ, ಪುನರುತ್ಥಾನ ಉಂಟು, ಕಣ್ಣೀರನ್ನು ದೇವರೇ ಒರೆಸುವ ದಿನ ಉಂಟು ಎಂದು ನಂಬಿದ್ದರಿಂದಲೇ ಅವರ ಕೈಗೆ ಹೆದರಿಕೆ ಇರಲಿಲ್ಲ. ನಿತ್ಯಜೀವದ ನಿರೀಕ್ಷೆ ನೋವನ್ನು ಸುಳ್ಳು ಮಾಡುವುದಿಲ್ಲ, ನೋವಿಗೆ ಕೊನೆಯ ಮಾತು ಬಿಟ್ಟುಕೊಡುವುದಿಲ್ಲ, ಅಷ್ಟೆ.

ಇನ್ನೊಂದು ಮಾತು. ಡೇಮಿಯನ್‌ರು ಮೊಲೊಕೈಗೆ ಹೋದ ಅದೇ 1873ರಲ್ಲಿ ನಾರ್ವೆ ದೇಶದ ಡಾಕ್ಟರ್ ಹ್ಯಾನ್ಸೆನ್‌ರು ಕುಷ್ಠರೋಗದ ಕ್ರಿಮಿಯನ್ನು ಕಂಡುಹಿಡಿದರು. ಇಂದು ಈ ರೋಗ ಮಾತ್ರೆಯಿಂದ ಪೂರಾ ವಾಸಿಯಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಮದ್ದು ಪುಕ್ಕಟೆ. ನೋವನ್ನು ದೇವರು ಬಯಸುವುದಿಲ್ಲ. ಆದ್ದರಿಂದ ಹರಕೆ ಹೊತ್ತವರು ಡಾಕ್ಟರರ ಮದ್ದನ್ನು ಬಿಡಬಾರದು. ಪ್ರಾರ್ಥನೆಯೂ ಬೇಕು, ಮದ್ದೂ ಬೇಕು.

ಕೇಳಿದ್ದು ಸಿಗದೆ ಇಳಿದು ಹೋಗುವ ಯಾತ್ರಿಕರೇ, ನಿಮ್ಮನ್ನು ದೇವರು ಕೈಬಿಟ್ಟಿಲ್ಲ. ಅಳು ಬಂದರೆ ಶಿಲುಬೆಯ ಮುಂದೆ ನಾಚದೆ ಅಳಿರಿ. ಊರಿಗೆ ಹೋದ ಮೇಲೆ ಹಾಸಿಗೆ ಹಿಡಿದ ಒಬ್ಬರ ಮನೆಗೆ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ಇದು ಯಾರ ಪಾಪ ಎಂದು ಕೇಳಬೇಡಿರಿ, ಗಂಜಿ ಕುಡಿಸಿರಿ. ನೊಂದವರೇ ನೊಂದವರ ಕೈ ಹಿಡಿದಾಗ ಕಷ್ಟಕ್ಕೆ ಅರ್ಥ ಬರುತ್ತದೆ.

ಸಂತ ಡೇಮಿಯನ್‌ರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.